ಗೊಂಬೆ ಉಳಿದು ಕುಣಿತ ಅಳಿದರೆ?

ನರ್ತಕನ ಜೊತೆಗಾರ ಮನುಷ್ಯನೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಕೋಲ ನೋಡಿ ಬೆಳೆದ ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನ ಎಳೆಗರಿಯ ಅಣಿ ಬೆನ್ನಿಗೇರಿದ ಮೇಲೆ ದೈವದ ನಡೆಯೇ ಬೇರೆಯಾಗುತ್ತದೆ. ಅಣಿ ಒಂದು ಮಗ್ಗುಲಿಗೆ ತೂಗಿದರೆ ಮೈ ಅದಕ್ಕೆ ತಕ್ಕಂತೆ ವಾಲಬೇಕು; ಮೈ ತಿರುಗಿದರೆ ಗರಿಗಳು ಒಂದು ಕ್ಷಣ ತಡೆದು ತಿರುಗುತ್ತವೆ. ಕುಣಿಯುವವರು ಯಾರು, ಕುಣಿಸುವವರು ಯಾರು ಎಂಬ ಗೆರೆ ಅಲ್ಲಿ ಅಳಿಸಿಹೋಗುತ್ತದೆ.

ಇದೇ ಸಂಗತಿಯನ್ನು ಅಮೆರಿಕದ ನೃತ್ಯಗಾರ ಮರ್ಸ್ ಕನ್ನಿಂಗ್‌ಹ್ಯಾಮ್ 1968ರಲ್ಲಿ ಬೇರೊಂದು ರೀತಿಯಲ್ಲಿ ರಂಗಕ್ಕೆ ತಂದರು. ಬಫಲೋ ನಗರದಲ್ಲಿ ಮೊದಲ ಪ್ರದರ್ಶನ ಕಂಡ ಅವರ 'ರೇನ್‌ಫಾರೆಸ್ಟ್' ನೃತ್ಯದಲ್ಲಿ ಚಿತ್ರಕಾರ ಆಂಡಿ ವಾರ್ಹಾಲ್ ಮಾಡಿದ ಬೆಳ್ಳಿಬಣ್ಣದ ದೊಡ್ಡ ದಿಂಬುಗಳು ವೇದಿಕೆಯ ತುಂಬ ತೇಲಾಡುತ್ತಿದ್ದವು. ಅವುಗಳೊಳಗೆ ಹೀಲಿಯಂ ಅನಿಲ. ಗಾಳಿ ಕದಲಿದರೆ ಅವೂ ಕದಲುತ್ತಿದ್ದವು, ಕಾಲು ತಗಲಿದರೆ ಹಾರಿ ದೂರ ಸರಿಯುತ್ತಿದ್ದವು. ಯಾವ ದಿಂಬು ಯಾವಾಗ ಎಲ್ಲಿರುತ್ತದೆಂದು ನರ್ತಕರಿಗೇ ಗೊತ್ತಿಲ್ಲ. ಹೀಗಾಗಿ ಹೆಜ್ಜೆಗಳು ಅವೇ ಆದರೂ ಒಂದು ದಿನದ ಆಟ ಇನ್ನೊಂದು ದಿನದಂತೆ ಇರುತ್ತಿರಲಿಲ್ಲ.

ದಿಂಬುಗಳು ಅಲ್ಲಿಯವು. ಆದರೆ ಚಲಿಸುವ ದೊಡ್ಡ ಆಕೃತಿಯೊಂದಿಗೆ ಮನುಷ್ಯ ಕುಣಿಯುವ ಕಲೆಗೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ.

ಗಡಿ ದಾಟಿದೊಡನೆ

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಾಗೇಪಲ್ಲಿ ಕಳೆದು ಆಂಧ್ರ ಹೊಕ್ಕರೆ ಕೊಡಿಕೊಂಡ ಸಿಗುತ್ತದೆ. ಚೆಕ್‌ಪೋಸ್ಟಿನಿಂದ ಎಡಕ್ಕೆ ತಿರುಗಿದ ರಸ್ತೆ ಲೇಪಾಕ್ಷಿಯ ಮೇಲೆ ಹಿಂದೂಪುರಕ್ಕೆ ಹೋಗುತ್ತದೆ. ಲೇಪಾಕ್ಷಿಯ ವೀರಭದ್ರ ದೇವಾಲಯ 16ನೇ ಶತಮಾನದ್ದು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ್ದು. ಅಲ್ಲಿನ ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ಕುಣಿಯುತ್ತಾಳೆ, ತುಂಬುರ ವೀಣೆ ನುಡಿಸುತ್ತಾನೆ, ಮೂರು ಕಾಲಿನ ಭೃಂಗಿ ಹೆಜ್ಜೆ ಹಾಕುತ್ತಾನೆ. ಅಲ್ಲಿ ಕಲ್ಲು ನಿಂತಲ್ಲೇ ನಿಂತಿದೆ. ಚಲನೆಯನ್ನು ನೋಡುವವನ ಕಣ್ಣೇ ತುಂಬಿಕೊಳ್ಳಬೇಕು. ಈ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ ಎಂಬುದನ್ನು ಗಡಿನಾಡಿನ ನಾವು ಮರೆಯಬಾರದು. 2022ರಲ್ಲಿ ಲೇಪಾಕ್ಷಿಯ ಹೆಸರು ಯುನೆಸ್ಕೋ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು.

ಕಲ್ಲಿಗೆ ಕಾವಲು ದೊರೆತಿದೆ. ಅದೇ ಸೀಮೆಯ ಚರ್ಮದ ಗೊಂಬೆಗಳ ಕಥೆ ಬೇರೆ.

ತೆರೆಯ ಹಿಂದಿನ ಹೆಜ್ಜೆ

ಧರ್ಮಾವರಂ ಬಳಿಯ ನಿಮ್ಮಲಕುಂಟ ಎಂಬ ಹಳ್ಳಿ ತೊಗಲು ಗೊಂಬೆಗೆ ಹೆಸರಾದುದು. ತೆಲುಗರು ಇದನ್ನು 'ತೋಲು ಬೊಮ್ಮಲಾಟ' ಎನ್ನುತ್ತಾರೆ. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಎರಡೂ ಕಡೆ ಬಣ್ಣ ಬಳಿದು, ಒಡವೆಗಳ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಕೊರೆಯುತ್ತಾರೆ. ಕೆಲವು ಗೊಂಬೆಗಳು ಆಳೆತ್ತರ. ನರ್ತಕಿಯ ಗೊಂಬೆಗೆ ಕೈ, ಕತ್ತು, ಸೊಂಟಗಳೆಲ್ಲ ಬೇರೆ ಬೇರೆಯಾಗಿ ಅಲುಗುವಂತೆ ಕೀಲು ಇರುತ್ತದೆ.

ಬಿಳಿ ತೆರೆಯ ಈಚೆ ಕುಳಿತವರಿಗೆ ಕಾಣುವುದು ಗೊಂಬೆಯ ಕುಣಿತ ಮಾತ್ರ. ಆಚೆಗೆ ಆಡಿಸುವವನೂ ಕುಣಿಯುತ್ತಿರುತ್ತಾನೆ. ಹಾಡು ಅವನದೇ, ಮಾತು ಅವನದೇ. ಕಾಲಡಿಯ ಹಲಗೆ ತುಳಿದು ಯುದ್ಧದ ಸದ್ದು ಎಬ್ಬಿಸುವವನೂ ಅವನೇ. ಗೊಂಬೆ ತೆರೆಗೆ ಒತ್ತಿದರೆ ಬಣ್ಣ ಸ್ಪಷ್ಟ, ಹಿಂದೆ ಸರಿದರೆ ನೆರಳು ಹಿಗ್ಗಿ ಮಸುಕಾಗುತ್ತದೆ. ಚರ್ಮದ ಹೆಜ್ಜೆಗೂ ಮನುಷ್ಯನ ಹೆಜ್ಜೆಗೂ ತಾಳ ಒಂದೇ.

ಈ ಕಲೆ ಭಾಷೆಯ ಗಡಿಯನ್ನು ಒಪ್ಪಿಕೊಂಡದ್ದಲ್ಲ. ಆಡಿಸುವ ಅನೇಕ ಮನೆತನಗಳ ಮನೆಮಾತು ಮರಾಠಿಯ ಒಂದು ಬಗೆ. ಆಟ ಆಂಧ್ರದಲ್ಲಿ ತೆಲುಗು, ಕರ್ನಾಟಕದಲ್ಲಿ ಕನ್ನಡ. 1882ರವರೆಗೆ ಅನಂತಪುರವು ಬಳ್ಳಾರಿ ಜಿಲ್ಲೆಯದೇ ಭಾಗವಾಗಿತ್ತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ತೊಗಲು ಗೊಂಬೆಗಳಿಂದ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿದರು. ಅವರು 2023ರಲ್ಲಿ ತೀರಿಕೊಂಡರು. ನಿಮ್ಮಲಕುಂಟದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ, ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಗೋಡೆಗೇರಿದ ರಾವಣ

ಪ್ರಶಸ್ತಿ ಬಂದರೂ ಆಟ ಕರೆಸುವವರು ಕಡಿಮೆಯಾದರು. ಹೊಟ್ಟೆಪಾಡಿಗಾಗಿ ನಿಮ್ಮಲಕುಂಟದವರು ಅದೇ ಚರ್ಮದಲ್ಲಿ ಲ್ಯಾಂಪ್ ಶೇಡು, ಗೋಡೆಗೆ ತೂಗುಹಾಕುವ ಚಿತ್ರಪಟ ಮಾಡತೊಡಗಿದರು. ಅವಕ್ಕೆ ಪಟ್ಟಣಗಳಲ್ಲಿ ಗಿರಾಕಿಗಳಿದ್ದಾರೆ. ಇದನ್ನು ಹಳಿಯುವುದು ಸರಿಯಲ್ಲ. ಆ ಸಂಪಾದನೆ ಇಲ್ಲದಿದ್ದರೆ ಚರ್ಮ ಹದಮಾಡುವ ವಿದ್ಯೆಯೂ ಉಳಿಯುತ್ತಿರಲಿಲ್ಲ. ಆದರೆ ಗೋಡೆಗೇರಿದ ರಾವಣ ಕುಣಿಯುವುದಿಲ್ಲ. ಗೊಂಬೆಯನ್ನು ನೋಡಿ ಗೊಂಬೆ ಮಾಡಬಹುದು. ಹಲಗೆಯ ಮೇಲಿನ ಹೆಜ್ಜೆಯನ್ನು, ಹತ್ತು ದನಿಗಳಲ್ಲಿ ಮಾತಾಡುವ ಚಾತುರ್ಯವನ್ನು ಆಟದಲ್ಲಿಯೇ ಕಲಿಯಬೇಕು. ಒಂದು ತಲೆಮಾರು ಆಡದೆ ಬಿಟ್ಟರೆ ಅದು ಮತ್ತೆ ದೊರೆಯುವಂಥದಲ್ಲ.

ನಮ್ಮ ಕಾಸರಗೋಡಿನಲ್ಲಿ ಕೆ. ವಿ. ರಮೇಶ್ ಅವರ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ತೆಂಕುತಿಟ್ಟಿನ ವೇಷ, ಹಾಡು, ಅರ್ಥಗಾರಿಕೆಗಳನ್ನು ಸೂತ್ರದ ಗೊಂಬೆಗಳ ಮೂಲಕ ಹೊರನಾಡುಗಳವರೆಗೆ ಕೊಂಡೊಯ್ದಿದೆ. ಅಲ್ಲಿ ಗೊಂಬೆ ಕುಣಿಯಬೇಕಾದರೆ ಭಾಗವತ ಕನ್ನಡದಲ್ಲಿ ಹಾಡಬೇಕು, ಎದುರಿಗೆ ಕನ್ನಡ ತಿಳಿದ ಮಕ್ಕಳು ಕುಳಿತಿರಬೇಕು. ಮನೆಯಲ್ಲಿ ಗೊಂಬೆಯೊಂದನ್ನು ತಂದಿಟ್ಟರೆ ಈ ಎರಡು ಕೆಲಸವೂ ಆಗುವುದಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೋ ದೇವಸ್ಥಾನದ ಜಾತ್ರೆಗೋ ವರ್ಷಕ್ಕೊಂದು ಬೊಂಬೆಯಾಟ ಇಡಿಸುವುದು ನಮ್ಮ ಕೈಯಲ್ಲಿದೆ. ಆಟ ಮುಗಿದ ಮೇಲೆ ಮಕ್ಕಳನ್ನು ತೆರೆಯ ಹಿಂದಕ್ಕೂ ಕರೆದುಕೊಂಡು ಹೋಗಿ, ಆಡಿಸುವವರ ಕೈಗಳನ್ನು ತೋರಿಸಬೇಕು.