ಚುಕ್ಕಿ ಹೆಚ್ಚಿದರೆ ನೋಟ ಹೆಚ್ಚೀತೆ?

ಕಳೆದ ದೀಪಾವಳಿಯ ಆಸುಪಾಸಿನ ಮಾತು. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ನನ್ನ ಮಗಳ ಮಗ ಒಂದು ಸಂಜೆ ನನ್ನೆದುರು ಬಂದು ಕುಳಿತು, "ತಾತ, ನೀವು ಅಮ್ಮನಿಗೆ ಒಂದು ಮಾತು ಹೇಳಿ ಒಪ್ಪಿಸಬೇಕು" ಎಂದ. ನಮ್ಮ ಬೀದಿಯ ಚಿಕ್ಕ ಮಕ್ಕಳಿಗೆ ಲೆಕ್ಕದ ಪಾಠ ಹೇಳಿ ಒಂದೂವರೆ ವರ್ಷದಲ್ಲಿ ಅವನು ಒಂದಿಷ್ಟು ಹಣ ಕೂಡಿಹಾಕಿದ್ದ. ಅದನ್ನೆಲ್ಲ ಸುರಿದು, ಸಾಲದ್ದಕ್ಕೆ ಅಮ್ಮನಿಂದಲೂ ಪಡೆದು, 'ಫೋರ್ ಕೆ' ಎಂಬ ಹೊಸ ಬಗೆಯ ಟಿ.ವಿ. ಕೊಳ್ಳಬೇಕೆಂಬುದು ಅವನ ಹಂಬಲ. ಕಾರಣ ಕೇಳಿದೆ. "ಆಟದಲ್ಲಿ ದೂರದಲ್ಲಿರೋ ಎದುರಾಳಿ ಮಸುಕಾಗಿ ಕಾಣ್ತಾನೆ ತಾತ. ನಾನು ಅವನನ್ನ ಗುರುತಿಸೋದರೊಳಗೆ ಅವನು ನನ್ನ ಹೊಡೆದುಬಿಟ್ಟಿರ್ತಾನೆ. ನಮ್ಮ ಟಿ.ವಿ.ಯಲ್ಲಿ ರೆಸಲ್ಯೂಷನ್ ಸಾಲದು" ಎಂದ. ನನ್ನ ಮಗಳು ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಅವಳು ಕೂಡಿಟ್ಟದ್ದು ಹುಡುಗನ ಮುಂದಿನ ಓದಿಗೆಂದು. ಹೀಗಾಗಿ ಪ್ರಶ್ನೆ ಸಣ್ಣದಾಗಿರಲಿಲ್ಲ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭೌತಶಾಸ್ತ್ರ ಪಾಠ ಹೇಳಿದವನು. ವಿಡಿಯೋ ಆಟಗಳ ಗಂಧ ನನಗಿಲ್ಲ. ಆದರೆ ಬೆಳಕು, ಕಣ್ಣು, ದೂರ ಇವು ನನ್ನ ಹಳೆಯ ಪರಿಚಿತರು. "ಎರಡು ದಿನ ಅವಕಾಶ ಕೊಡಪ್ಪ, ಲೆಕ್ಕ ಹಾಕಿ ನೋಡೋಣ" ಎಂದೆ. ಆ ಎರಡು ದಿನಗಳ ಲೆಕ್ಕವನ್ನೇ ಇಂದು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ರೆಸಲ್ಯೂಷನ್ ಎಂದರೇನು? ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ಚುಕ್ಕಿಯಿಟ್ಟು ರಂಗೋಲಿ ಹಾಕುವುದನ್ನು ತಾವು ನೋಡಿದ್ದೀರಿ. ಏಳೇಳು ಚುಕ್ಕಿಯ ಏಳು ಸಾಲಿನಲ್ಲಿ ಒಂದು ಸಾಧಾರಣ ಹೂವು ಅರಳೀತು. ಇಪ್ಪತ್ತೊಂದು ಚುಕ್ಕಿಗಳಿದ್ದರೆ ನವಿಲೂ ತೇರೂ ಮೂಡೀತು. ಟಿ.ವಿ.ಯ ಪರದೆಯೂ ಇಂಥದೇ ಚುಕ್ಕಿಗಳ ಅಂಗಳ. ಸಾಮಾನ್ಯವಾದ ಪರದೆಯಲ್ಲಿ ಸಾಲಿಗೆ 1920 ಚುಕ್ಕಿ, ಅಂಥ 1080 ಸಾಲು. ಒಟ್ಟು 20 ಲಕ್ಷ 73 ಸಾವಿರದ 600. ಅದರ ಮೇಲಿನ ಮೆಟ್ಟಿಲಲ್ಲಿ 1440 ಸಾಲು. ಚುಕ್ಕಿಗಳು ಸುಮಾರು 37 ಲಕ್ಷ. ಫೋರ್ ಕೆ ಎಂಬುದರಲ್ಲಿ 3840 ಚುಕ್ಕಿಗಳ 2160 ಸಾಲು. ಒಟ್ಟು 83 ಲಕ್ಷಕ್ಕೆ ಸ್ವಲ್ಪ ಕಡಿಮೆ, ಅಂದರೆ ಮೊದಲನೆಯದರ ಸರಿಯಾಗಿ ನಾಲ್ಕರಷ್ಟು. ನಮ್ಮ ಕಾಲದ ದೂರದರ್ಶನದ ಚಿತ್ರ 625 ಗೆರೆಗಳದು. ಅದರಲ್ಲಿಯೂ ಚಿತ್ರವನ್ನು ಹೊತ್ತು ತರುತ್ತಿದ್ದವು 575ರಷ್ಟು ಮಾತ್ರ. ಅಷ್ಟರಲ್ಲೇ ನಾವು 1987ರಲ್ಲಿ ರಾಮಾಯಣವನ್ನು ನೋಡಿ ಕೈಮುಗಿದೆವು. ಗೆರೆ ಸಾಲದೆಂದು ಯಾರಿಗೂ ಅನ್ನಿಸಲಿಲ್ಲ.

ಚುಕ್ಕಿ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುವುದು ನಿಜ. ಆದರೆ ಆ ಸೂಕ್ಷ್ಮ ಯಾರಿಗೆ ಕಾಣಬೇಕು, ಎಷ್ಟು ದೂರದಿಂದ ಕಾಣಬೇಕು? ಇದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಇದೆ. ಸಿದ್ದಾಪುರದ ನಮ್ಮ ಮನೆಗೆ ಲಾಲ್‌ಬಾಗ್ ಕೂಗಳತೆಯ ದೂರ. ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ಅಲ್ಲಿಯ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಸಾವಿರಾರು ಗುಲಾಬಿ, ಸೇವಂತಿಗೆಗಳನ್ನು ಒತ್ತೊತ್ತಾಗಿ ಸಿಕ್ಕಿಸಿ ಗೋಪುರವನ್ನೋ ಮಂಟಪವನ್ನೋ ನಿಲ್ಲಿಸಿರುತ್ತಾರೆ. ಹತ್ತಿರ ನಿಂತರೆ ಒಂದೊಂದು ಹೂವೂ ಬೇರೆ. ಜನ ನೂಕಿ ನೂಕಿ ನಮ್ಮನ್ನು ಬಾಗಿಲಿನವರೆಗೆ ತಂದಾಗ ಹೂವುಗಳೆಲ್ಲ ಕಲೆತುಹೋಗಿ ಬಣ್ಣ ಬಳಿದ ಒಂದೇ ಗೋಡೆ. ಈಗ ಅಷ್ಟೇ ಜಾಗದಲ್ಲಿ ಇನ್ನೂ ಸಣ್ಣ ಹೂವುಗಳನ್ನು ನಾಲ್ಕರಷ್ಟು ಸಂಖ್ಯೆಯಲ್ಲಿ ಸಿಕ್ಕಿಸಿದರೆನ್ನೋಣ. ಬಾಗಿಲಲ್ಲಿ ನಿಂತವನಿಗೆ ಅದರ ಸುಳಿವೂ ಸಿಕ್ಕದು. ಹೂವಿಗೆ ಹಾಕಿದ ಹಣವೆಲ್ಲ ಹತ್ತಿರ ನಿಂತವನ ಪಾಲಿಗೆ ಮಾತ್ರ.

ಹೂವಿನ ಬಣ್ಣವನ್ನೂ ಕಣ್ಣಿನ ನೋಟವನ್ನೂ ಶಾಸ್ತ್ರೀಯವಾಗಿ ಪರೀಕ್ಷಿಸಿದವರು ಇದೇ ಊರಿನಲ್ಲಿದ್ದರು. ಸರ್ ಸಿ. ವಿ. ರಾಮನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ಈ ವಿಷಯಕ್ಕೇ ಮೀಸಲಿಟ್ಟು, 1968ರಲ್ಲಿ ದೃಷ್ಟಿಯ ಕುರಿತು ಒಂದು ಗ್ರಂಥವನ್ನೇ ಹೊರತಂದರು. ಕಣ್ಣಿನ ಶಕ್ತಿಗೆ ಒಂದು ಮೇರೆಯುಂಟು. ಒಂದು ಡಿಗ್ರಿಯ ಕೋನವನ್ನು ಅರವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಷ್ಟು ಅಗಲದ ಅಂತರವನ್ನು ಆರೋಗ್ಯವಾದ ಕಣ್ಣು ಬೇರ್ಪಡಿಸಿ ನೋಡಬಲ್ಲದು. ಕೆಲವರ ಕಣ್ಣು ಇದಕ್ಕಿಂತ ತುಸು ಚುರುಕಾಗಿರಬಹುದು. ಕಣ್ಣಿನ ವೈದ್ಯರು ಆರು ಮೀಟರ್ ದೂರದಲ್ಲಿ ತೂಗುಹಾಕುವ ಅಕ್ಷರಗಳ ಪಟವೂ ಇದೇ ಅಳತೆಯ ಮೇಲೆ ರಚಿತವಾದದ್ದು. ಸುಲಭವಾಗಿ ಹೇಳುವುದಾದರೆ, ಒಂದು ಮಿಲಿಮೀಟರ್ ಅಗಲದ ಕಪ್ಪು ಬಿಳುಪು ಗೆರೆಗಳು ಸುಮಾರು ಹನ್ನೊಂದು ಅಡಿಯವರೆಗೆ ಬೇರೆ ಬೇರೆಯಾಗಿ ಕಾಣುತ್ತವೆ. ಅದರಾಚೆ ಬೂದುಬಣ್ಣದ ಒಂದೇ ಪಟ್ಟೆಯಾಗುತ್ತವೆ.

ಈ ಅಳತೆಗೋಲನ್ನು ಹಿಡಿದು ನಮ್ಮ ನಡುಮನೆಗೆ ಬಂದೆ. ನಮ್ಮದು 43 ಅಂಗುಲದ, 1080 ಸಾಲಿನ ಟಿ.ವಿ. ಅದರ ಒಂದೊಂದು ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್. ಹುಡುಗ ಕಂಪ್ಯೂಟರನ್ನು ಅದಕ್ಕೆ ಜೋಡಿಸಿ ಎದುರಿನ ಮಂಚದ ಮೇಲೆ ಕುಳಿತು ಆಡುತ್ತಾನೆ, ಮಂಚಕ್ಕೂ ಟಿ.ವಿ.ಗೂ ನಡುವೆ ಎಂಟು ಅಡಿ. ಎಂಟು ಅಡಿ ದೂರದಿಂದ ಒಳ್ಳೆಯ ಕಣ್ಣು ಬೇರ್ಪಡಿಸಬಲ್ಲ ಅಂತರ ಸುಮಾರು 0.7 ಮಿಲಿಮೀಟರ್. ಚುಕ್ಕಿಗಳೋ ಅದಕ್ಕಿಂತ ಚಿಕ್ಕವು. ಎಂದರೆ ಈಗಿರುವ ಚುಕ್ಕಿಗಳೇ ಆ ಮಂಚಕ್ಕೆ ಮುಟ್ಟುವುದರೊಳಗೆ ಕಲೆತುಹೋಗಿವೆ. ಅವು ಬಿಡಿಬಿಡಿಯಾಗಿ ಕಾಣಬೇಕಾದರೆ ಐದೂವರೆ ಅಡಿಗೆ ಬರಬೇಕು. ಅದೇ ಗಾತ್ರದ ಫೋರ್ ಕೆ ಪರದೆಯ ಚುಕ್ಕಿ ಕಾಣಬೇಕಾದರೆ ಮೂರಡಿಯೊಳಗೆ ಮೂಗು ತರಬೇಕು. ಮಂಚದ ಮೇಲೆ ಕುಳಿತವನಿಗೆ ಎರಡಕ್ಕೂ ವ್ಯತ್ಯಾಸವಿಲ್ಲ.

ಇಲ್ಲಿಗೆ ನನ್ನ ಲೆಕ್ಕ ಮುಗಿಯಿತೆಂದುಕೊಂಡೆ. ಆದರೆ ಲೆಕ್ಕವೇ ಒಂದು ಪ್ರಶ್ನೆ ಕೇಳಿತು. ಚುಕ್ಕಿಯ ಕೊರತೆ ಇಲ್ಲವೆಂದ ಮೇಲೆ ಹುಡುಗನಿಗೆ ಆ ಮಸುಕು ಎಲ್ಲಿಂದ ಬಂತು?

ಕಂಪ್ಯೂಟರ್ ಪೂರ್ಣ 1080 ಸಾಲಿನ ಚಿತ್ರವನ್ನೇ ಕಳಿಸುತ್ತಿದೆಯೆಂದು ಅವನೇ ತೋರಿಸಿದ. ಆಗ ಒಂದು ಕಾಗದದ ಮೇಲೆ ಮಿಲಿಮೀಟರ್ ಅಗಲದ ಗೆರೆಗಳನ್ನು ಅಚ್ಚು ಹಾಕಿಸಿ, ಗೋಡೆಯ ಕ್ಯಾಲೆಂಡರಿನ ಕೆಳಗೆ ಅಂಟಿಸಿದೆವು. ಮೊದಲು ನಾನು ಹಿಂದೆ ಸರಿದೆ. ಪೊರೆ ತೆಗೆಸಿಕೊಂಡ ಈ ಮುದಿಗಣ್ಣಿಗೆ ಹತ್ತು ಅಡಿಯವರೆಗೂ ಗೆರೆ ಕಂಡಿತು. ಆಮೇಲೆ ಅವನು. ಐದು ಅಡಿಗೇ ನಿಂತು, "ಬೂದಿ ಬಣ್ಣ ಆಗೋಯ್ತು ತಾತ" ಎಂದ. ಮತ್ತೆ ನೋಡೆಂದೆ, ಮತ್ತೆ ಅಲ್ಲಿಗೇ ನಿಂತ. ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅವನಮ್ಮ ಮಾತಿಲ್ಲದೆ ನೋಡುತ್ತಿದ್ದಳು. ಮಗ ಕಾಲೇಜಿನಲ್ಲಿ ತಾನಾಗಿಯೇ ಮುಂದಿನ ಬೆಂಚಿಗೆ ಹೋದನೆಂದು ಆ ವರ್ಷವೆಲ್ಲ ಹೆಮ್ಮೆಪಟ್ಟವಳು ಅವಳು. ಅವನು ಏಕೆ ಹೋಗಿದ್ದನೆಂದು ಆಗ ತಿಳಿಯಿತು.

ಮರುದಿನವೇ ವೈದ್ಯರಲ್ಲಿಗೆ ಹೋದೆವು. ಸಮೀಪದೃಷ್ಟಿ, ಹೆಚ್ಚೇನಲ್ಲ, ಕನ್ನಡಕ ಬೇಕು ಎಂದರು. ಎಂಟು ಅಡಿ ದೂರದಲ್ಲಿ ಅವನ ಕಣ್ಣಿಗೆ ಅಕ್ಕಪಕ್ಕದ ಮೂರು ಚುಕ್ಕಿಗಳು ಸೇರಿ ಒಂದಾಗುತ್ತಿದ್ದವು. ಫೋರ್ ಕೆ ತಂದಿದ್ದರೆ ಮೂರರ ಬದಲು ಆರು ಸೇರಿ ಒಂದಾಗುತ್ತಿದ್ದವು, ಅಷ್ಟೇ. ಕನ್ನಡಕ ಬಂದ ದಿನ ನಾವಿಬ್ಬರೂ ಲಾಲ್‌ಬಾಗಿನ ಬಂಡೆಯ ಮೇಲೆ ನಿಂತಿದ್ದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ತಾತ, ಮರದಲ್ಲಿ ಎಲೆ ಒಂದೊಂದೂ ಕಾಣುತ್ತೆ" ಎಂದ. ನನಗೆ ಉತ್ತರಿಸಲಾಗಲಿಲ್ಲ.

ಹಾಗೆಂದು ಹೆಚ್ಚು ಚುಕ್ಕಿಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಮೇಜಿನ ಮುಂದೆ ಕುಳಿತು ಎರಡು ಅಡಿಯಿಂದ ನೋಡುವವನ ಲೆಕ್ಕವೇ ಬೇರೆ. ಅಷ್ಟು ಹತ್ತಿರದಲ್ಲಿ ಕಣ್ಣಿನ ಮೇರೆ 0.18 ಮಿಲಿಮೀಟರ್. 24 ಅಂಗುಲದ ಸಾಧಾರಣ ಪರದೆಯ ಚುಕ್ಕಿ 0.28, ಇದು ಕಣ್ಣಿಗೆ ಸಿಕ್ಕುತ್ತದೆ. 27 ಅಂಗುಲದ 1440 ಸಾಲಿನ ಪರದೆಯಲ್ಲಿ 0.23, ಅದೇ ಗಾತ್ರದ ಫೋರ್ ಕೆ ಪರದೆಯಲ್ಲಿ 0.16, ಮೇರೆಯ ಒಳಗೆ. ಆದ್ದರಿಂದ ಮೇಜಿನ ಮೇಲೆ ಮೊದಲ ಮೆಟ್ಟಿಲು ಹತ್ತಿದರೆ ಲಾಭ ಚೆನ್ನಾಗಿ ತಿಳಿಯುತ್ತದೆ. ಎರಡನೆಯದರಲ್ಲಿಯೂ ಉಂಟು, ಆದರೆ ಕಡಿಮೆ. ಇನ್ನೊಂದು ವಿಶೇಷವಿದೆ. ಪ್ರಯೋಗಶಾಲೆಯ ವರ್ನಿಯರ್ ಮಾಪಕವನ್ನು ಬಳಸಿದವರಿಗೆ ಗೊತ್ತು: ಒಂದು ಗೆರೆ ಇನ್ನೊಂದರಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಕಣ್ಣು ಅದನ್ನು ಹಿಡಿಯುತ್ತದೆ. ಹೀಗಾಗಿ ಬಿಡಿ ಚುಕ್ಕಿ ಕಾಣದಿದ್ದರೂ, ಓರೆಯಾದ ತಂತಿ, ಬೇಲಿ, ಎಲೆಯಂಚುಗಳು ಮೆಟ್ಟಿಲುಮೆಟ್ಟಿಲಾಗಿ ಮಿಣುಗುವುದು ಕಾಣಬಹುದು. ಓದುವವರಿಗೆ ಲಾಭ ಇನ್ನೂ ಹೆಚ್ಚು. ಐದು ಚುಕ್ಕಿ ಅಗಲ, ಏಳು ಚುಕ್ಕಿ ಎತ್ತರದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಅಡಗುತ್ತವೆ. ನಮ್ಮ ಒತ್ತು, ಕೊಂಬು, ದೀರ್ಘಗಳ ಅಕ್ಷರ ಅಷ್ಟರಲ್ಲಿ ಉಸಿರಾಡಲಾರದು.

ಇನ್ನು ಖರ್ಚಿನ ಮಾತು. ಸಿನಿಮಾ ಮೊದಲೇ ಸಿದ್ಧವಾಗಿರುವ ಚಿತ್ರ, ತೋರಿಸಿದರಾಯಿತು. ಆಟದ ಚಿತ್ರ ಹಾಗಲ್ಲ. ಆಡುವವನು ಬಲಕ್ಕೆ ಹೊರಳುವನೋ ಎಡಕ್ಕೋ ಯಾರಿಗೂ ತಿಳಿಯದಾದ್ದರಿಂದ, ಪ್ರತಿಯೊಂದು ಚಿತ್ರವನ್ನೂ ಆ ಕ್ಷಣದಲ್ಲೇ ಬರೆಯಬೇಕು. ಸೆಕೆಂಡಿಗೆ ಅರವತ್ತು ಸಲ ಅಳಿಸಿ ಬರೆಯಬೇಕು. ಸಾಧಾರಣ ಪರದೆಯಲ್ಲಿ ಇದು ಸೆಕೆಂಡಿಗೆ ಸುಮಾರು 12 ಕೋಟಿ 44 ಲಕ್ಷ ಚುಕ್ಕಿ. ಫೋರ್ ಕೆಯಲ್ಲಿ ಸುಮಾರು 49 ಕೋಟಿ 77 ಲಕ್ಷ. ಈ ಕೆಲಸ ಮಾಡುವುದು ಗ್ರಾಫಿಕ್ಸ್ ಕಾರ್ಡು. ಹಳೆಯ ಕಾರ್ಡಿನ ಮೇಲೆ ಹೊಸ ಪರದೆಯ ಭಾರ ಹೊರಿಸಿದರೆ ಅದು ಸೆಕೆಂಡಿಗೆ ಅರವತ್ತರ ಬದಲು ಮೂವತ್ತೇ ಚಿತ್ರ ಬರೆದೀತು. ಆಗ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವಿನ ಕಾಲ ಸೆಕೆಂಡಿನ ಸಾವಿರದಲ್ಲಿ 17 ಪಾಲಿನಿಂದ 33 ಪಾಲಿಗೆ ಏರುತ್ತದೆ. ಕೈ ಒತ್ತಿದ್ದಕ್ಕೆ ಪರದೆ ಓಗೊಡುವುದೂ ಅಷ್ಟರಮಟ್ಟಿಗೆ ತಡವಾಗುತ್ತದೆ. ನಿಂತು ನೋಡುವಾಗ ಹೆಚ್ಚು ಚುಕ್ಕಿ ಮೇಲು. ಓಡುತ್ತ ಗುರಿಯಿಡುವಾಗ ಹೆಚ್ಚು ಚಿತ್ರಗಳು ಮೇಲು. ಕೌಂಟರ್ ಸ್ಟ್ರೈಕ್ ಎಂಬ ಆಟವನ್ನು ವೃತ್ತಿಯಾಗಿ ಆಡುವವರಲ್ಲಿ ಅನೇಕರು ಬೇಕೆಂದೇ 1280 ಚುಕ್ಕಿಗಳ 960 ಸಾಲಿಗೆ ಇಳಿದು ಆಡುತ್ತಾರೆಂಬುದು ಇದಕ್ಕೆ ಸಾಕ್ಷಿ. ಕಾಡುಮೇಡುಗಳನ್ನು ನಿಧಾನವಾಗಿ ಸುತ್ತಿ ನೋಡುವ ಆಟಗಳಿಗೆ ಈ ಮಾತು ಅನ್ವಯಿಸದು. ಅಲ್ಲಿ ಚೆಲುವೇ ಆಟದ ಅರ್ಧ ಫಲ.

ತಯಾರಕರಿಗೂ ಈ ಇಕ್ಕಟ್ಟು ತಿಳಿಯದ್ದಲ್ಲ. 2018ರಲ್ಲಿ ಎನ್‌ವಿಡಿಯಾ, 2021ರಲ್ಲಿ ಎ.ಎಂ.ಡಿ. ಸಂಸ್ಥೆಗಳು ಒಂದು ಉಪಾಯವನ್ನು ಹೊರತಂದವು: ಕಡಿಮೆ ಚುಕ್ಕಿಯಲ್ಲಿ ಚಿತ್ರ ಬರೆದು, ಉಳಿದವನ್ನು ಊಹಿಸಿ ತುಂಬುವುದು. 2020ರಲ್ಲಿ ಬಂದ ಆಟದ ಯಂತ್ರಗಳಲ್ಲಿ ಅನೇಕ ಆಟಗಳು 'ಚಿತ್ರ ಚೆನ್ನಾಗಿರಲೋ, ವೇಗ ಚೆನ್ನಾಗಿರಲೋ' ಎಂದು ಆಡುವವನನ್ನೇ ಕೇಳುತ್ತವೆ. ಎರಡೂ ಒಟ್ಟಿಗೆ ಅಗ್ಗವಾಗಿ ದೊರೆಯವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವಂತಿಲ್ಲ.

ಕೊನೆಗೆ ಕಲಾವಿದನ ಪಾಲೂ ಇದೆ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾದ ಧ್ರುವ ಇಂಟರ‍್ಯಾಕ್ಟಿವ್‌ನಲ್ಲಿ ಪರದೇಶದ ಆಟಗಳಿಗೆ ಬೇಕಾದ ಚಿತ್ರಕಲೆಯ ಕೆಲಸ ವರ್ಷಗಟ್ಟಲೆ ನಡೆಯಿತು. ಇಂಥ ಕೈಗಳು ಬರೆಯದೆ ಬಿಟ್ಟ ಸೂಕ್ಷ್ಮವನ್ನು ಯಾವ ಪರದೆಯೂ ತೋರಿಸಲಾರದು. ಚುಕ್ಕಿ ಕಡಿಮೆಯಿದ್ದಾಗಲೂ ಕಲೆ ಸೋಲಲಿಲ್ಲ. 1981ರಲ್ಲಿ ಜಪಾನಿನ ಮಿಯಾಮೊಟೊ ಅವರು ಮಾರಿಯೋ ಎಂಬ ಪಾತ್ರವನ್ನು ರೂಪಿಸಿದಾಗ ಬಾಯಿ ಬಿಡಿಸಲು ಚುಕ್ಕಿಗಳು ಸಾಲದೆ ಮೀಸೆಯಿಟ್ಟರು, ಕೂದಲು ಬಿಡಿಸಲಾಗದೆ ಟೋಪಿ ಹಾಕಿದರು. ಆ ಮೀಸೆ, ಆ ಟೋಪಿ ಇಂದಿಗೂ ಜಗತ್ತಿಗೆಲ್ಲ ಗುರುತು.

ಕನ್ನಡಕದ ಖರ್ಚು ಕಳೆದ ಮೇಲೆ ಉಳಿದ ಹಣವನ್ನು ಹಿಡಿದು ನಾವಿಬ್ಬರೂ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯವರು ಫೋರ್ ಕೆಯನ್ನೇ ಹೊಗಳಿದರು. ಅದು ಅವರ ವ್ಯಾಪಾರ. ಹುಡುಗ ಮಾತ್ರ ಜೇಬಿನಿಂದ ಅಳತೆಯ ಟೇಪು ತೆಗೆದು, ಎರಡು ಅಡಿ ದೂರ ನಿಂತು, ತನ್ನ ಕಾರ್ಡಿನ ಶಕ್ತಿಯನ್ನು ನೆನೆದು, 1440 ಸಾಲಿನ ಒಂದು ಪರದೆಯನ್ನು ಮೇಜಿಗೆಂದು ಆರಿಸಿಕೊಂಡ. ಅಮ್ಮನ ಹಣ ಅಮ್ಮನಲ್ಲೇ ಉಳಿಯಿತು. ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವ ಕ್ರಮವೂ ಇದೇ: ಮೊದಲು ಕಣ್ಣು, ಆಮೇಲೆ ಕೂರುವ ದೂರ, ಆಮೇಲೆ ಯಂತ್ರದ ಬಲ, ಈ ಮೂರನ್ನೂ ಅಳೆದ ಮೇಲೆ ಚುಕ್ಕಿಗಳ ಮಾತು.

ಹುಡುಗ ಆಟದಲ್ಲಿ ಈಗ ಗೆಲ್ಲುತ್ತಾನೆಯೇ ಎಂದು ತಾವು ಕೇಳಬಹುದು. ನಾನೂ ಕೇಳಿದೆ. ಸೋಲುವುದು ಮೊದಲಿನಷ್ಟೇ; ಆದರೆ ಹೊಡೆದವನು ಯಾರೆಂದು ಈಗ ಸ್ಪಷ್ಟವಾಗಿ ಕಾಣುತ್ತದೆಯಂತೆ.