ದಾನಪತ್ರದ ವಿಷಯವಾಗಿ ಕೆಲವು ಮಾತುಗಳು

ತಾವು ಜೀವದಿಂದಿರುವಾಗಲೇ ಮನೆ ಜಮೀನುಗಳನ್ನು ಮಕ್ಕಳ ಹೆಸರಿಗೆ ಬರೆದುಕೊಡಬೇಕೆಂಬ ಇಚ್ಛೆಯು ಅನೇಕ ತಾಯಿತಂದೆಗಳಲ್ಲಿ ಉಂಟಾಗುವದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕೊಡುವ ವಯಸ್ಸಿಗೂ ಕೆಲವರು ಪಡೆಯುವ ವಯಸ್ಸಿಗೂ ಬಂದಿರುವದರಿಂದ ಈ ಸಂಗತಿಯು ಉಭಯರಿಗೂ ತಿಳಿದಿರುವದು ಒಳ್ಳೇದು.

ಬೆಲೆಯನ್ನು ಪಡೆಯದೆ, ಸ್ವಂತ ಮನಸ್ಸಿನಿಂದ, ಈಗ ಇರುವ ಸ್ವತ್ತನ್ನು ಕೊಡುವದೇ ದಾನವೆಂದು 1882ನೆಯ ಇಸವಿಯ ಸ್ವತ್ತು ವರ್ಗಾವಣೆ ಕಾಯಿದೆಯು ಹೇಳುತ್ತದೆ. ಭೂಮಿಯನ್ನು ಕೊಡುವದಾದರೆ ದಾನಿಯ ರುಜುವೂ ಇಬ್ಬರು ಸಾಕ್ಷಿಗಳ ರುಜುವೂ ಉಳ್ಳ ಪತ್ರವನ್ನು ನೋಂದಾಯಿಸತಕ್ಕದ್ದು. (ಮುಸಲ್ಮಾನರ ಹಿಬಾ ಎಂಬ ದಾನಕ್ಕೆ ಈ ನಿಯಮವು ತಗಲದು.) ಪಡೆಯುವವರು ದಾನಿಯು ಜೀವಿಸಿರುವಾಗಲೇ ಅದನ್ನು ಸ್ವೀಕರಿಸಬೇಕು; ಸ್ವೀಕರಿಸುವದಕ್ಕೆ ಮುಂಚೆ ಪಡೆಯತಕ್ಕವರೇ ತೀರಿಕೊಂಡರೆ ದಾನವು ವ್ಯರ್ಥವಾಗುವದು. ಆದುದರಿಂದ ಸ್ವೀಕಾರದ ಮಾತನ್ನು ಪತ್ರದಲ್ಲಿಯೇ ಬರೆಯಿಸುವದು ಲೇಸು.

ಹತ್ತಿರದ ಸಂಬಂಧಿಕರಿಗೆ ಮಾಡುವ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕವು ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಈ ಅಗ್ಗವೇ ಕೆಲವರನ್ನು ಅವಸರಪಡಿಸುವದೆಂದು ತೋರುತ್ತದೆ. ಉಯಿಲನ್ನು ಬರೆದವಳು ನಾಳೆ ಅದನ್ನು ಹರಿದು ಬೇರೊಂದನ್ನು ಬರೆಯಬಹುದು. ದಾನಪತ್ರವು ಹಾಗಲ್ಲ. ಒಬ್ಬ ವಿಧವೆಯು ತನ್ನ ತೋಟವನ್ನು ಮಗನಿಗೆ ಬರೆದುಕೊಟ್ಟಳೆಂದು ಎಣಿಸಿರಿ. ಎರಡು ವರ್ಷಗಳಲ್ಲಿ ಅವಳಿಗೆ ಅದೇ ಮನೆಯಲ್ಲಿ ಅನ್ನವು ಭಾರವಾದರೆ, ಮನಸ್ಸು ನೊಂದಿತೆಂಬ ಒಂದೇ ಕಾರಣದಿಂದ ಆ ಪತ್ರವು ರದ್ದಾಗದು. ಮೋಸವನ್ನೋ ಬಲಾತ್ಕಾರವನ್ನೋ ರುಜುವಾತುಪಡಿಸಬೇಕು.

ಇಂಥವರಿಗಾಗಿ 2007ರಲ್ಲಿ ತಾಯಿತಂದೆಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು ಹುಟ್ಟಿತು. ಪಡೆದವನು ತನ್ನನ್ನು ಪೋಷಿಸಬೇಕೆಂಬ ಷರತ್ತಿನ ಮೇಲೆ ಅರುವತ್ತು ವರ್ಷ ದಾಟಿದವರು ಕೊಟ್ಟ ದಾನವನ್ನು, ಆ ಷರತ್ತು ನಡೆಯದೆ ಹೋದರೆ, ನ್ಯಾಯಮಂಡಲಿಯು ಶೂನ್ಯವೆಂದು ಸಾರಬಹುದು. ಆದರೆ ಷರತ್ತು ಇತ್ತೆಂಬದನ್ನು ತೋರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು ಕಾಯಿದೆಯನ್ನು ಉದಾರವಾಗಿ ಅರ್ಥಮಾಡಿ, ಮಧ್ಯಪ್ರದೇಶದ ಒಬ್ಬ ತಾಯಿಗೆ ಅವಳ ಸ್ವತ್ತನ್ನು ಮರಳಿ ಕೊಡಿಸಿತು. ಅಷ್ಟು ದೂರ ಅಲೆಯುವದಕ್ಕಿಂತ ಎರಡು ಸಾಲುಗಳನ್ನು ಮೊದಲೇ ಬರೆಯಿಸುವದು ಸುಲಭವಲ್ಲವೇ? ಒಂದು, ತನ್ನನ್ನು ಕಡೆಯ ವರೆಗೆ ಪೋಷಿಸಬೇಕೆಂಬದು. ಮತ್ತೊಂದು, ಆ ಮನೆಯಲ್ಲಿ ವಾಸಿಸುವ ಮತ್ತು ಅದರ ಉತ್ಪತ್ತಿಯನ್ನು ಅನುಭವಿಸುವ ಹಕ್ಕು ಜೀವಮಾನಪರ್ಯಂತ ತನಗೇ ಇರುವದೆಂಬದು. ಹೀಗೆ ಅನುಭೋಗವನ್ನು ಇಟ್ಟುಕೊಂಡು ಮಾಡಿದ ದಾನವೂ ಸಿಂಧುವೆಂದು 2014ರಲ್ಲಿ ತೀರ್ಪಾಗಿದೆ.

ತನ್ನದಲ್ಲದ್ದನ್ನು ಯಾರೂ ದಾನಮಾಡಲಾರರು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು ಇರುವದು. ತಂದೆಯೊಬ್ಬನೇ ಅದನ್ನೆಲ್ಲಾ ಗಂಡುಮಕ್ಕಳಿಗೆ ಬರೆಯಲಾರನು. ಕ್ರೈಸ್ತರಲ್ಲಿ ಉಯಿಲಿಲ್ಲದೆ ಸತ್ತವನ ಗಂಡು ಹೆಣ್ಣು ಮಕ್ಕಳು 1925ರ ಉತ್ತರಾಧಿಕಾರ ಕಾಯಿದೆಯ ಮೇರೆಗೆ ಸಮಭಾಗಿಗಳು. ಆದರೆ ಸ್ವಯಾರ್ಜಿತವಾದದ್ದನ್ನು ತಂದೆಯು ಬದುಕಿರುವಾಗ ಒಬ್ಬನಿಗೇ ದಾನಮಾಡಿದ್ದರೆ, ಆ ಜಮೀನಿನಲ್ಲಿ ಮಗಳಿಗೆ ಉಳಿಯುವದು ಏನೂ ಇಲ್ಲ. ಇದನ್ನು ಹೆಣ್ಣುಮಕ್ಕಳು ತಿಳಿಯುವದು ಹೆಚ್ಚಾಗಿ ಉತ್ತರಕ್ರಿಯೆಯ ಮರುದಿನವೇ.

ನೋಂದಣಿಯಾದ ಮೇಲೆ ಪಹಣಿಯಲ್ಲಿಯೂ ಖಾತೆಯಲ್ಲಿಯೂ ಹೆಸರು ಬದಲಾಯಿತೋ ಎಂದು ನೋಡಿಕೊಳ್ಳಬೇಕು. ಅನುಭೋಗದ ಹಕ್ಕನ್ನು ಇಟ್ಟುಕೊಂಡ ತಾಯಿಯು ಪತ್ರದ ದೃಢೀಕೃತ ನಕಲೊಂದನ್ನು ತನ್ನ ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು.