ಬದುವಿನ ಮರ, ಮರದೊಳಗಿನ ಇಂಗಾಲ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಖಾಸಗಿ ಕಾಡು ಎಂದರೆ ಹೊಲದ ಬದುವಿನ ಬೇವು, ಜಾಲಿ, ಹುಣಸೆ, ಮಾವಿನ ತೋಪು. ಈಚೆಗೆ ನೆಟ್ಟ ಹೆಬ್ಬೇವು, ಸಾಗುವಾನಿ, ಶ್ರೀಗಂಧದ ಸಾಲುಗಳು. ಬೀದರ್ ಜಿಲ್ಲೆಯಲ್ಲಿ ಸರ್ಕಾರಿ ಅರಣ್ಯ ತೀರಾ ಕಡಿಮೆ. ಇಲ್ಲಿ ಗಾಳಿಯ ಇಂಗಾಲವನ್ನು ಮರದಲ್ಲಿ ಹಿಡಿದಿಡುವ ಕೆಲಸ ಬಹುಪಾಲು ರೈತರ ಜಮೀನಿನಲ್ಲೇ ನಡೆಯಬೇಕು.

ಮರ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾಂಡ, ಕೊಂಬೆ, ಬೇರುಗಳನ್ನು ಕಟ್ಟಿಕೊಳ್ಳುತ್ತದೆ. ಪೂರ್ತಿ ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಂಗಾಲವೇ. ಒಂದು ಕಿಲೊ ಇಂಗಾಲ 3.67 ಕಿಲೊ ಇಂಗಾಲದ ಡೈಆಕ್ಸೈಡ್ ಅನಿಲಕ್ಕೆ ಸಮ. ಬೇರು ಸೇರಿ 200 ಕಿಲೊ ಒಣತೂಕವಿರುವ ಬೇವು ಸುಮಾರು 100 ಕಿಲೊ ಇಂಗಾಲವನ್ನು, ಅಂದರೆ 367 ಕಿಲೊ ಅನಿಲವನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಇದನ್ನು ತಿಳಿಯಲು ಮರ ಕಡಿಯಬೇಕಿಲ್ಲ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಅಳೆದರೆ, ಎತ್ತರ ಮತ್ತು ಆ ಜಾತಿಯ ಕಟ್ಟಿಗೆಯ ಸಾಂದ್ರತೆ ಸೇರಿಸಿ ಲೆಕ್ಕ ಹಾಕಬಹುದು.

ಸಸಿ ಉಳಿಸುವುದೇ ಕಷ್ಟದ ಕೆಲಸ. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರುಗಳನ್ನು ಹರಿಯುತ್ತದೆ. ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಮಣ್ಣಿನ ಆಳವೇ ಸಾಲದು. ಬೇಸಿಗೆಯಲ್ಲೇ ಗುಂಡಿ ತೋಡಿ, ಮುಂಗಾರಿನ ಮೊದಲ ಹದ ಮಳೆಗೆ ನೆಟ್ಟು, ಆಡು ಮೇಯದಂತೆ ಸುತ್ತ ಜಾಲಿಮುಳ್ಳು ಕಟ್ಟಿ, ಎರಡು ಬೇಸಿಗೆ ನೀರುಣಿಸಿದರೆ ಗಿಡ ನಿಲ್ಲುತ್ತದೆ. ತೊಗರಿ, ಸೋಯಾ ಬೆಳೆಗೆ ನೆರಳು ಬೀಳದಂತೆ ಕೆಳಗಿನ ಕೊಂಬೆಗಳನ್ನು ಸವರಬೇಕು. ಉದುರಿದ ಎಲೆಯನ್ನು ಸುಡದೆ ಕೊಳೆಯಲು ಬಿಟ್ಟರೆ ಇಂಗಾಲದ ಒಂದು ಪಾಲು ಮಣ್ಣಿಗೂ ಸೇರುತ್ತದೆ.

ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಹಣ ಕೊಡುವುದು ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ. ಪರಿಷ್ಕೃತ ದರದಲ್ಲಿ ಸಸಿಯೊಂದಕ್ಕೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ. ಈ ನಿಯಮ ಸರಿಯಾದದ್ದೇ, ಕೊರತೆ ಅವಧಿಯಲ್ಲಿದೆ. ಮರ ಜೋರಾಗಿ ದಪ್ಪವಾಗುವ ಹೊತ್ತಿಗೆ ನೆರವು ಮುಗಿದಿರುತ್ತದೆ.

ಆ ಮುಂದಿನ ವರ್ಷಗಳಿಗೆ, ಮರ ಹಿಡಿದಿಟ್ಟ ಇಂಗಾಲಕ್ಕೆ ಹಣ ಕೊಡುವ ಇಂಗಾಲ ಮಾರುಕಟ್ಟೆ ಆಸರೆಯಾಗಬಹುದು. ಆದರೆ ನಾಲ್ಕು ಎಕರೆಯ ರೈತ ಒಬ್ಬನೇ ಅಲ್ಲಿಗೆ ಹೋಗಲಾರ. ಅಳತೆ, ತಪಾಸಣೆಯ ಖರ್ಚೇ ಆದಾಯವನ್ನು ನುಂಗುತ್ತದೆ. ನೂರಾರು ಹಿಡುವಳಿಗಳು ಒಟ್ಟುಗೂಡಬೇಕು, ಮರಗಳು ದಶಕಗಳ ಕಾಲ ನಿಲ್ಲಬೇಕು. ಆ ಮಾರುಕಟ್ಟೆಯ ಹಣವಿಲ್ಲದಿದ್ದರೂ ಬೆಳೆಯುತ್ತಿದ್ದ ಮರಕ್ಕೆ ಅಲ್ಲಿ ಬೆಲೆಯಿಲ್ಲ.

ಕಡಿದ ಮೇಲಿನ ಬಳಕೆಯೂ ಲೆಕ್ಕಕ್ಕೆ ಬರುತ್ತದೆ. ಹುಣಸೆ, ಬೇವು ತಲೆಮಾರುಗಟ್ಟಲೆ ನಿಲ್ಲುತ್ತವೆ. ಹೆಬ್ಬೇವು ಆರೆಂಟು ವರ್ಷಕ್ಕೇ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ಬಾಗಿಲು, ಮಂಚವಾದ ಕಟ್ಟಿಗೆಯ ಇಂಗಾಲ ಮನೆಯಲ್ಲೇ ಉಳಿದರೆ, ಆಲೆಮನೆಯ ಒಲೆಗೆ ಬಿದ್ದದ್ದು ಅಂದೇ ಗಾಳಿಗೆ ಮರಳುತ್ತದೆ. ಇಡೀ ಸಾಲನ್ನು ಒಮ್ಮೆಲೇ ಕಡಿಯದೆ ವರ್ಷಕ್ಕಿಷ್ಟು ತೆಗೆದು, ಆ ಜಾಗಕ್ಕೆ ಹೊಸ ಸಸಿ ಇಟ್ಟರೆ ರೈತನಿಗೆ ಆದಾಯವೂ ಬರುತ್ತದೆ, ಬದುವಿನ ದಾಸ್ತಾನೂ ಬರಿದಾಗದು.